ಕಟ್ಟಿದವರ ಕೈ

ನಮ್ಮ ಸಣ್ಣ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ತಪಾಸಣೆಗೆ ನಿಲ್ಲುತ್ತಿದ್ದವರು ಮುರಗೋಡದ ಒಬ್ಬ ಹಿರಿಯರು. ಬೈಲಹೊಂಗಲದ ಹಸಿಮೆಣಸಿನಕಾಯಿ ಪೆಟ್ಟಿಗೆ ಬಂದರೂ ಅದಕ್ಕೆ ಕಿವಿ ಹಚ್ಚಿ, ಹಗ್ಗದ ಗಂಟನ್ನು ಹೆಬ್ಬೆರಳಿನಿಂದ ತಡವಿ, "ನಿಮ್ಮ ಕೈಲೇ ಕಟ್ಟೀರೇನ್ರಿ?" ಎಂದು ಕೇಳುತ್ತಿದ್ದರು. ಉತ್ತರ ಬರುವಾಗಲೂ ಅವರ ಕಣ್ಣು ಗಂಟಿನ ಮೇಲೆಯೇ ಇರುತ್ತಿತ್ತು.

ಅವರು ನಿವೃತ್ತರಾದ ದಿನ ಎಲ್ಲರ ಪರವಾಗಿ ನಾನು ದಾರ ಕಟ್ಟಿದ ಉಡುಗೊರೆಯೊಂದನ್ನು ಕೊಟ್ಟೆ. ಒಂಬತ್ತು ವರ್ಷ ಇಬ್ಬರೂ ಒಂದೇ ಡಬ್ಬಿಯ ರೊಟ್ಟಿ ಉಂಡಿದ್ದೆವು. ಆದರೂ ಅದಕ್ಕೆ ಕಿವಿ ಹಚ್ಚಿ, ಗಂಟು ತಡವಿದರು. ಒಳಗೆ ಟಿಕ್ ಟಿಕ್ ಸದ್ದು.

"ನಿಮ್ಮ ಕೈಲೇ ಕಟ್ಟೀರೇನ್ರಿ?"

"ಹೌದ್ರಿ," ಎಂದೆ. ಕಟ್ಟಿದ್ದು ಅಂಗಡಿಯವನು.

ಅವರು ಅದನ್ನು ಎಕ್ಸ್‌ರೇ ಯಂತ್ರಕ್ಕೆ ಹಾಕಿ ಪರದೆ ನೋಡಿದರು. ಸುತ್ತಲಿದ್ದವರೆಲ್ಲ ನಕ್ಕರು. ಅವರು ನಗಲಿಲ್ಲ.

"ಗಡಿಯಾರ ಐತಿ, ಖರೆ. ಗಂಟು ನಿಮ್ಮದಲ್ರಿ."