ಸುಣ್ಣ ಹಚ್ಚಿದ ಮರಗಳು

ನಮ್ಮ ತೋಪಿಗೆ ಹೋಗಬೇಕಾದರೆ ಕುಂದಲಹಳ್ಳಿಯಿಂದ ಹೊರಟು ವೈಟ್‌ಫೀಲ್ಡ್ ದಾಟಿ, ಅಪಾರ್ಟ್‌ಮೆಂಟುಗಳು ವಿರಳವಾಗುವ ಕಡೆ ಒಂದು ಮಣ್ಣಿನ ದಾರಿಗೆ ತಿರುಗಬೇಕು. ಚಳಿಗಾಲದ ಬೆಳಿಗ್ಗೆ ಅಲ್ಲಿ ಮಂಜು ಮೊಣಕಾಲೆತ್ತರಕ್ಕೆ ನಿಂತಿರುತ್ತದೆ. ಬುಡಗಳು ಕಾಣದೆ ನೀಲಗಿರಿಯ ಬಿಳಿ ಕಾಂಡಗಳಷ್ಟೇ ಮೇಲಿಂದ ಇಳಿಬಿಟ್ಟ ಹಾಗೆ ಕಾಣುತ್ತವೆ. ಸ್ಕೂಟರ್ ನಿಲ್ಲಿಸಿ ಒಳಗೆ ನಡೆದರೆ ಹಿಂದಿನ ರಸ್ತೆಯ ಸದ್ದು ಯಾರೋ ಬಾಗಿಲು ಮುಂದೆ ಮಾಡಿದಂತೆ ಕಡಿಮೆಯಾಗುತ್ತದೆ. ಚಿಕ್ಕವಳಿದ್ದಾಗ ನಾನು ಅಲ್ಲಿ ಎಷ್ಟೋ ಸಲ ದಾರಿ ತಪ್ಪಿದ್ದೇನೆ, ಬೇಕೆಂದೇ.

ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲ ಅದು. ಕೆಲಸಕ್ಕೆ ಆಳು ಸಿಗುವುದು ಕಷ್ಟವಾದ ಮೇಲೆ ಅವರು ಸಾಲುಸಾಲಾಗಿ ನೀಲಗಿರಿ ನೆಟ್ಟರು. ಮಧ್ಯದಲ್ಲಿ ಹಾದುಹೋಗುವ ಹಳ್ಳವನ್ನು ಮಾತ್ರ ಮುಟ್ಟಲಿಲ್ಲ. ಅಲ್ಲಿ ಹೊಂಗೆ, ಹುಣಸೆ, ಬಿದಿರು, ಸೀಗೆ ಬಳ್ಳಿ ಒಂದರ ಮೇಲೊಂದು ಬಿದ್ದು ಬೆಳೆದಿದ್ದವು. ಅಪ್ಪನ ನಂತರ ತೋಪು ಅಣ್ಣನದೂ ನನ್ನದೂ ಆಯಿತು. ನಾನು ಕುಂದಲಹಳ್ಳಿಯ ನಮ್ಮ ಮನೆಯ ಮೇಲೆ ಕಟ್ಟಿಸಿದ ಬಾಡಿಗೆ ಕೋಣೆಗಳನ್ನು ನೋಡಿಕೊಳ್ಳುತ್ತಿದ್ದೆ. ತೋಪು ಪೂರ್ತಿ ಅಣ್ಣನ ಕೈಯಲ್ಲಿತ್ತು. ಕೆಲವು ವರ್ಷಕ್ಕೊಮ್ಮೆ ಮರ ಕಡಿಸಿ, ಗಳಗಳನ್ನು ಲಾರಿಗೆ ತುಂಬಿಸಿ ಕಳಿಸುತ್ತಿದ್ದ. ಕಟ್ಟಡಗಳಲ್ಲಿ ತಾರಸಿಗೆ ಮೋಲ್ಡ್ ಹಾಕಿದಾಗ ಅದು ಒಣಗುವವರೆಗೂ ಕೆಳಗಿನಿಂದ ಆನಿಸಿ ನಿಲ್ಲಿಸುವ ಕಂಬಗಳು ಅವು. ಮಹದೇವಪುರದಲ್ಲಿ ಗಾಜಿನ ಕಟ್ಟಡಗಳ ಮುಂದೆ ಹೋಗುವಾಗ ಅಣ್ಣ ಕತ್ತೆತ್ತಿ ನೋಡಿ, "ಇದು ಮೊದ್ಲು ನಿಂತಿದ್ದು ನಮ್ ಗಳದ್ ಮ್ಯಾಲೆ ಕಣಮ್ಮಿ" ಎನ್ನುತ್ತಿದ್ದ. ಮಗುವಿಗೆ ಹೆಗಲು ಕೊಟ್ಟವನ ಹೆಮ್ಮೆ ಅವನ ದನಿಯಲ್ಲಿರುತ್ತಿತ್ತು.

ಒಂದು ಮಳೆಗಾಲ ಅಣ್ಣ ಬೈಕಿನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಆಪರೇಷನ್ ಆಯಿತು, ಗುಣವಾಗಲು ತುಂಬಾ ಕಾಲ ಹಿಡಿಯಿತು. ಕಡಿಯುವ ಕಾಲ ಮೀರಿದರೂ ತೋಪಿನ ಕಡೆ ಯಾರೂ ಹೋಗಲಿಲ್ಲ. ಆ ಬಿಡುವಿನಲ್ಲಿ ಹಳ್ಳದ ಬಳ್ಳಿಗಳು ನೀಲಗಿರಿಯ ಸಾಲುಗಳಿಗೂ ಹತ್ತಿದವು. ಮರದಿಂದ ಮರಕ್ಕೆ ಹಬ್ಬಿ ಮೇಲೆ ಹಸಿರು ಚಪ್ಪರವಾಯಿತು. ಹಾಗಿರುವಾಗ ಹಳೆಯ ಬಿಲ್ಡರ್ ಒಬ್ಬರು ಗಳ ಕೇಳಿ ಫೋನ್ ಮಾಡಿದರು. ಅಣ್ಣ ಮಂಚದಲ್ಲಿ ಮಲಗಿದ್ದಲ್ಲೇ ಒಪ್ಪಿಕೊಂಡ. ಆಮೇಲೆ ನನ್ನ ಕಡೆ ತಿರುಗಿ, "ಒಂದ್ ಕಿತ ನೀನೇ ನಿಂತ್ಕೊಂಡು ಕಡಿಸ್ಬಿಡಮ್ಮಿ, ಪೂರ್ತಿ" ಎಂದ.

ಕಡಿಯಲು ಬಂದವರು ಯಾದಗಿರಿ ಕಡೆಯವರು, ಅಣ್ಣನಿಗೆ ಹಿಂದಿನಿಂದಲೂ ಗೊತ್ತಿದ್ದ ತಂಡ. ಮೇಸ್ತ್ರಿ ಮಾತು ಕಡಿಮೆಯ ಮನುಷ್ಯ. ಅವನ ಹೆಂಡತಿ ಕೊಂಬೆ ಸವರುವುದರಿಂದ ಹಿಡಿದು ಅಡುಗೆಯವರೆಗೆ ಎಲ್ಲವನ್ನೂ ಮಾಡುತ್ತ, ಎಲ್ಲರ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದಳು. ಅವರು ತೋಪಿನ ಅಂಚಿನಲ್ಲಿ ತಗಡಿನ ಶೆಡ್ ಹಾಕಿಕೊಂಡರು. ನಾನು ಬೆಳಿಗ್ಗೆ ಹೋಗಿ ಒಂದು ಮೋಟಿನ ಮೇಲೆ ಕೂರುತ್ತಿದ್ದೆ. ಗರಗಸದ ಮಷೀನು ಒಂದೇ ರಾಗದಲ್ಲಿ ಕೂಗುತ್ತಿತ್ತು. ಒಂದೊಂದು ಮರ ಬಿದ್ದಾಗಲೂ ಮೇಲೊಂದು ಕಿಟಕಿ ತೆರೆದು ಬೆಳಕು ಕೆಳಗೆ ಸುರಿಯುತ್ತಿತ್ತು. ಆ ಬೆಳಕಿನಲ್ಲಿ ಮರದ ಪುಡಿ ಹೊನ್ನಿನ ಬಣ್ಣಕ್ಕೆ ತಿರುಗಿ ತೇಲುತ್ತಿತ್ತು. ನಾನು ಅದನ್ನೇ ನೋಡುತ್ತ ಅರೆನಿದ್ದೆಯಲ್ಲಿರುತ್ತಿದ್ದೆ.

ಒಂದು ಮಧ್ಯಾಹ್ನ ಮಷೀನಿನ ಸದ್ದು ತಟ್ಟನೆ ನಿಂತಿತು. ಮೇಸ್ತ್ರಿ ನನ್ನ ಹತ್ತಿರ ಬಂದ.

"ಅಕ್ಕಾರ, ಕೆಲಸ ಬಂದ್ ಮಾಡ್ಸೀನ್ರಿ. ಒಂದೀಟು ಇಲ್ಲಿ ಬರ್ರಿ."

ಹಳ್ಳದ ಪಕ್ಕದ ಸಾಲಿನಲ್ಲಿ ಮರವೊಂದು ಬಳ್ಳಿಗಳ ಸಮೇತ ಬಿದ್ದಿತ್ತು. ಎಲ್ಲರೂ ಅದರ ತುದಿಯ ಸುತ್ತ ನಿಂತಿದ್ದರು. ಹರಿದ ಬಳ್ಳಿಗಳ ನಡುವೆ ಬೂದು ಬಣ್ಣದ ಪ್ರಾಣಿಯೊಂದು ಕೊಂಬೆಯನ್ನು ಅಪ್ಪಿಕೊಂಡು ಕೂತಿತ್ತು. ಬಾಲವಿಲ್ಲ. ಕಡ್ಡಿಯಂಥ ಕೈಕಾಲು, ನಮ್ಮ ಬೆರಳುಗಳಂಥದೇ ಬೆರಳು. ಮುಖದ ತುಂಬ ಕಣ್ಣು. ಅದು ನಮ್ಮನ್ನು ನೋಡುತ್ತಿರಲಿಲ್ಲ, ಬಿಸಿಲಿಗೆ ಕಂಗೆಟ್ಟು ಎತ್ತಲೋ ದಿಟ್ಟಿಸುತ್ತಿತ್ತು. ಕಾಡುಪಾಪ ಎಂಬ ಹೆಸರು ಕೇಳಿದ್ದೆ. ನಮ್ಮದೇ ತೋಪಿನಲ್ಲಿ ಇದೆಯೆಂದು ಅಲ್ಲಿಯವರೆಗೆ ತಿಳಿದಿರಲಿಲ್ಲ.

"ಇದು ಚಲೋ ಅಲ್ರಿ," ಎಂದು ತಂಡದವನೊಬ್ಬ ಹಿಂದೆ ಸರಿದ. "ಮಾಟ ಮಾಡೋರು ಹುಡಕ್ಯಾಡ್ತಾರ ಇದನ್ನ. ಕಣ್ಣಾಗ ಕಣ್ಣಿಟ್ಟು ನೋಡಬಾರ್ದಂತ."

"ಹಂಗಾದ್ರ ನೀ ಆ ಕಡಿ ತಿರಗು," ಎಂದಳು ಮೇಸ್ತ್ರಿಯ ಹೆಂಡತಿ. ಆಮೇಲೆ ದನಿ ತಗ್ಗಿಸಿ ನನಗೆ ಹೇಳಿದಳು: "ಕೈ ಹಚ್ಚಬ್ಯಾಡ್ರಿ ಅಕ್ಕಾರ. ಬಾಣಂತಿ ಐತದು. ಹೊಟ್ಟಿಗೆ ಕೂಸು ಕಚ್ಕೊಂಡೈತಿ ನೋಡ್ರಿ."

ಹೌದು, ಅದರ ಹೊಟ್ಟೆಯ ರೋಮದಲ್ಲಿ ಹೆಬ್ಬೆರಳಿನಷ್ಟು ಮರಿಯೊಂದು ಅಂಟಿಕೊಂಡಿತ್ತು.

ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಕೊನೆಗೆ ಮೇಸ್ತ್ರಿ, ಕಡಿದಿಟ್ಟಿದ್ದ ಉದ್ದದ ಗಳವೊಂದನ್ನು ತಂದು ಒಂದು ತುದಿಯನ್ನು ಬಿದ್ದ ಮರದ ಬಳ್ಳಿಗಳಿಗೂ ಇನ್ನೊಂದನ್ನು ಹಳ್ಳದ ಹುಣಸೆಯ ಕೊಂಬೆಗೂ ಆನಿಸಿದ. ಎಲ್ಲರೂ ದೂರ ಹೋಗಿ ಕುಳಿತೆವು. ಯಾರೂ ಬೀಡಿ ಹಚ್ಚಲಿಲ್ಲ. ಹೊತ್ತು ಇಳಿಯಿತು. ಎಲೆಗಳ ಬಣ್ಣ ಆರಿತು. ಆಗ ಅದು ಒಂದು ಕೈ ಮುಂದಿಟ್ಟಿತು. ಸ್ವಲ್ಪ ಹೊತ್ತು ಬಿಟ್ಟು ಒಂದು ಕಾಲು. ನೀರಿನೊಳಗೆ ನಡೆಯುವವರು ಹಾಗೆ ನಡೆಯುತ್ತಾರೇನೋ. ಗಳದ ಮೇಲೆ ಅದು ಹುಣಸೆಯವರೆಗೆ ಹೋಗುವಷ್ಟರಲ್ಲಿ ದೂರದ ಗಾಜಿನ ಕಟ್ಟಡಗಳಲ್ಲಿ ದೀಪಗಳು ಹತ್ತಿದ್ದವು. ಹಿಂದೆ ಸರಿದಿದ್ದವನೂ ಈ ಕಡೆ ತಿರುಗಿ ಬಾಯಿ ತೆರೆದು ನೋಡುತ್ತಿದ್ದ.

ಮನೆಗೆ ಬಂದು ಅಣ್ಣನಿಗೆ, ಕೆಲಸ ನಿಲ್ಲಿಸಿದ್ದೇನೆ, ಇನ್ನು ಒಂದು ಮರವನ್ನೂ ಕಡಿಸುವುದಿಲ್ಲ ಎಂದೆ. ಅವನು ದಿಂಬಿಗೆ ಒರಗಿ ಎದ್ದು ಕೂತ.

"ಅಂಗೈಯಷ್ಟಿರೋ ಪ್ರಾಣಿಗೆ ಕೆಲ್ಸ ನಿಲ್ಸಿದ್ಯಾ?"

"ಅದರ ಮನೆ ಬೀಳಿಸ್ಬಿಟ್ವಿ ಅಣ್ಣ. ಮರಿ ಇತ್ತು."

"ಅಮ್ಮಿ, ಮರ ಕಡಿಯೋದು ನಮ್ ಬೇಸಾಯ. ಅದ್ನ ಬಿಟ್ಬಿಟ್ರೆ ಜಾಗ ಸುಮ್ಕೆ ಬಿದ್ದಿರ್ತದೆ. ಸುಮ್ಕೆ ಬಿದ್ದಿರೋ ಜಾಗದ ಮ್ಯಾಲೆ ಎಲ್ರಿಗೂ ಕಣ್ಣು. ಇವತ್ತು ಬ್ರೋಕರ್ ಬತ್ತಾನೆ, ನಾಳಿಕ್ಕೆ ಜೆಸಿಬಿ ಬತ್ತದೆ. ಆಗ ನಿನ್ ಕಾಡುಪಾಪ ಎಲ್ಲಿಗೋಯ್ತದೆ, ಯೋಳು?"

"ಹಂಗಂತ ಒಂದೇ ಸಲ ಎಲ್ಲಾ ಬೋಳಿಸಿದ್ರೆ ನಾವೇ ಜೆಸಿಬಿ ಆದಂಗಲ್ವಾ?"

ಅವನು ಗೋಡೆಯ ಕಡೆ ತಿರುಗಿ ಮಲಗಿದ. ನನಗೆ ಸಿಟ್ಟಿತ್ತು, ಆದರೆ ಅವನು ಹೇಳಿದ್ದು ಸುಳ್ಳಲ್ಲ ಎಂಬುದು ಆ ಸಿಟ್ಟಿನೊಳಗೇ ಕೂತಿತ್ತು. ನಮ್ಮ ಸುತ್ತಲಿನ ತೋಪುಗಳು ಲೇಔಟುಗಳಾದದ್ದನ್ನು ನಾನೂ ನೋಡಿದ್ದೆ. ಕಡಿಯುವುದನ್ನು ನಿಲ್ಲಿಸಿದ ಮೇಲೆಯೇ ಅವು ಮಾರಾಟವಾಗಿದ್ದವು.

ಮರುದಿನ ಅರಣ್ಯ ಇಲಾಖೆಗೆ ಫೋನ್ ಮಾಡಿದೆ. ಗಾರ್ಡ್ ಒಬ್ಬರು ಬಂದು ಹುಣಸೆಯ ಕೆಳಗೆ ಬಹಳ ಹೊತ್ತು ನಿಂತರು. ಅದನ್ನು ಹಿಡಿದು ಬೇರೆ ಕಡೆ ಬಿಡುತ್ತಾರೇನೋ ಎಂದುಕೊಂಡಿದ್ದೆ. ಅವರು ತಲೆಯಾಡಿಸಿದರು.

"ಬೇರೆ ಕಡೆ ಬಿಟ್ರೆ ಬದುಕೋದು ಕಷ್ಟ ಮೇಡಂ. ಇಲ್ಲೇ ಇರ್ಲಿ. ಇದಕ್ಕೆ ಎಗರೋಕೆ ಬರಲ್ಲ. ಕೊಂಬೆಯಿಂದ ಕೊಂಬೆಗೆ ಹಿಡ್ಕೊಂಡೇ ಹೋಗ್ಬೇಕು. ಮರಕ್ಕೂ ಮರಕ್ಕೂ ಗ್ಯಾಪ್ ಬಿತ್ತು ಅಂದ್ರೆ ಅಲ್ಲೇ ಲಾಕು."

ಈ ಮಾತನ್ನು ಅಣ್ಣನಿಗೆ ಹೇಳಿದೆ. ಅವನು ಊಟ ಮುಗಿಸಿ, "ಒಂದು ಆಟೋ ಕರಿ" ಎಂದ.

ಅಪಘಾತದ ನಂತರ ಅವನು ತೋಪಿಗೆ ಬಂದದ್ದು ಅದೇ ಮೊದಲು. ಊರುಗೋಲಿನ ಮೇಲೆ ಹೆಚ್ಚು ಹೊತ್ತು ನಿಲ್ಲಲಾಗುತ್ತಿರಲಿಲ್ಲ, ಕತ್ತೆತ್ತಿದರೆ ತಲೆ ತಿರುಗುತ್ತಿತ್ತು. ಮೇಸ್ತ್ರಿ ಶೆಡ್ಡಿನಿಂದ ಹಗ್ಗದ ಮಂಚ ತಂದು ಮರಗಳ ನಡುವೆ ಹಾಕಿದ. ಅಣ್ಣ ಅಂಗಾತ ಮಲಗಿ ಮೇಲೆ ನೋಡಿದ. ಗಾಳಿ ಬಂದಾಗ ತುದಿಗಳು ಒಂದನ್ನೊಂದು ಸವರಿ ಬೇರೆಯಾಗುತ್ತಿದ್ದವು. ನೋಡುತ್ತ ನೋಡುತ್ತ ಅವನ ಮುಖದ ಗಂಟು ಸಡಿಲವಾಯಿತು.

ಕತ್ತಲಾಗುತ್ತಿದ್ದಂತೆ ಹುಣಸೆಯಲ್ಲಿ ಅದು ಹೊರಗೆ ಬಂತು. ಅದರ ಕಣ್ಣಿಗೆ ಬೆಳಕು ಚುಚ್ಚದಿರಲೆಂದು ಮೇಸ್ತ್ರಿಯ ಹೆಂಡತಿ ಟಾರ್ಚಿಗೆ ಕೆಂಪು ಬಟ್ಟೆ ಕಟ್ಟಿದ್ದಳು. ಆ ಮಂದ ಬೆಳಕಿನಲ್ಲಿ ಮೊದಲು ಎರಡು ಕೆಂಡದ ಚುಕ್ಕಿ, ಆಮೇಲೆ ಅವುಗಳ ಹಿಂದೆ ನಿಧಾನವಾಗಿ ಒಂದು ಮೈ. ಅದು ಹುಣಸೆಯಿಂದ ಹೊಂಗೆಗೆ, ಹೊಂಗೆಯಿಂದ ಒಂದು ಬಾಗಿದ ನೀಲಗಿರಿಗೆ ದಾಟಿತು. ಅದರ ಮುಂದಿನ ಮರವನ್ನು ನಾವು ಕಡಿದಿದ್ದೆವು. ಕೊಂಬೆಯ ತುದಿಗೆ ಬಂದು ಒಂದು ಕೈ ಚಾಚಿ, ಏನೂ ಸಿಗದೆ, ಆ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡಿತು. ಆಮೇಲೆ ತಿರುಗಿ ಬಂದ ದಾರಿಯಲ್ಲೇ ಹೋಯಿತು.

"ಅಮ್ಮಿ," ಎಂದ ಅಣ್ಣ. "ಮೇಲೊಂದು ದಾರಿ ಐತೆ. ಇಷ್ಟು ವರ್ಷ ನಾನು ಕೆಳಗಿಂದೇ ನೋಡ್ಕೊಂಡಿದ್ದೆ."

ಅವತ್ತಿನಿಂದ ಅವನು ದಿನವೂ ಬಂದ. ಮಂಚವನ್ನು ಸಾಲಿನಿಂದ ಸಾಲಿಗೆ ಸರಿಸಿ ಹಾಕಿಸುತ್ತಿದ್ದ. ಮಲಗಿ, ಕೋಲಿನಿಂದ ಆಕಾಶದಲ್ಲಿ ಗೆರೆ ಎಳೆದಂತೆ ತೋರಿಸುತ್ತಿದ್ದ. "ಆ ವಾರೆ ಮರ ಬಿಡ್ರಪ್ಪ, ಅದ್ರ ಕೈ ಹೊಂಗೆ ಹೆಗಲ ಮ್ಯಾಲೈತೆ. ಅದ್ರಾಚೇದು ಒಂಟಿ, ತೆಗೀರಿ." ಬಿಡಬೇಕಾದ ಮರಕ್ಕೆ ಮೇಸ್ತ್ರಿಯ ಹೆಂಡತಿ ಬಕೆಟ್ಟಿನಿಂದ ಸುಣ್ಣ ತೆಗೆದು ಪಟ್ಟೆ ಹಚ್ಚುತ್ತಿದ್ದಳು. ಹಳ್ಳದ ಎರಡೂ ಕಡೆ ಮರಗಳ ಒಂದು ಬೆಲ್ಟು ಹಾಗೇ ಉಳಿಯಿತು. ಅಲ್ಲಿಂದ ತೋಪಿನ ಅಂಚುಗಳಿಗೆ ಕೈಬೆರಳುಗಳಂತೆ ಸಾಲುಗಳು ಚಾಚಿಕೊಂಡವು. ಆ ಬೆರಳುಗಳ ನಡುವಿನ ಪಟ್ಟಿಗಳನ್ನು ಮಾತ್ರ ಕಡಿಯುವುದು, ಅದೂ ಒಂದು ವರ್ಷಕ್ಕೆ ಒಂದೇ ಪಟ್ಟಿ ಎಂದಾಯಿತು. ಸಂಜೆಯ ಮಬ್ಬಿನಲ್ಲಿ ಕಾಂಡಗಳು ಮರೆಯಾಗಿ ಸುಣ್ಣದ ಪಟ್ಟೆಗಳಷ್ಟೇ ತೇಲುತ್ತಿದ್ದವು. ಅವುಗಳ ನಡುವೆ ಮಲಗಿರುತ್ತಿದ್ದ ಅಣ್ಣ ದೋಣಿಯಲ್ಲಿರುವವನಂತೆ ಕಾಣುತ್ತಿದ್ದ.

ಒಪ್ಪಿದಷ್ಟು ಗಳ ಕೊಡಲಾಗುವುದಿಲ್ಲ ಎಂದು ಬಿಲ್ಡರಿಗೆ ನಾನೇ ಫೋನ್ ಮಾಡಿ ಹೇಳಬೇಕಾಯಿತು. "ಮೇಡಂ, ನನ್ ಸ್ಲ್ಯಾಬ್ ಕೆಲ್ಸ ನಿಂತೈತೆ. ಕೋತಿ ಮರಿ ಕಥೆ ಹೇಳ್ಬೇಡಿ" ಎಂದರು. ಅವರ ಸಿಟ್ಟಿನಲ್ಲಿ ನ್ಯಾಯವಿತ್ತು, ಒಪ್ಪಿಕೊಂಡದ್ದು ನಾವೇ. ಅವರು ಕಬ್ಬಿಣದ ಕಂಬಗಳನ್ನು ಬಾಡಿಗೆಗೆ ತಂದುಕೊಂಡರು, ಮತ್ತೆ ನಮ್ಮ ಕಡೆ ಬರಲಿಲ್ಲ. ಕೆಲವು ತಿಂಗಳು ನಮಗೆ ದುಡ್ಡಿಗೆ ಬಿಗಿಯಾಯಿತು. ಆಮೇಲೆ ಮಾಲೂರು ಕಡೆಯ ಟೊಮೇಟೊ ಬೆಳೆಗಾರರು ಗಿಡಕ್ಕೆ ಆಸರೆ ಕೊಡುವ ಸಣ್ಣ ಕಡ್ಡಿಗಳನ್ನು ಕೇಳಿಕೊಂಡು ಬಂದರು. ಮೋಟಿನಿಂದ ಚಿಗುರಿ ಬೆಳೆದ ಎಳೆಯ ಗಳಗಳು ಅದಕ್ಕೆ ಸರಿಹೋದವು. ಗಾಜಿನ ಕಟ್ಟಡಗಳಿಗೆ ಹೆಗಲು ಕೊಡುತ್ತಿದ್ದ ನಮ್ಮ ಮರ ಟೊಮೇಟೊ ಗಿಡಕ್ಕೆ ಬಂತಲ್ಲ ಎಂದು ಅಣ್ಣನಿಗೆ ಮೊದಮೊದಲು ಬೇಸರವಾಗಿತ್ತು.

ಎಲ್ಲವೂ ನಮ್ಮ ಕೈಯಲ್ಲಿರಲಿಲ್ಲ. ಮುಂದಿನ ಬೇಸಿಗೆ ಪಕ್ಕದವರ ತೋಪು ಮಾರಾಟವಾಯಿತು. ಒಂದು ವಾರ ಜೆಸಿಬಿಯ ಸದ್ದು. ಅದು ನಿಂತ ಮೇಲೆ ಅಲ್ಲಿ ಕೆಂಪು ಮಣ್ಣು, ಕಲ್ಲು ಕಂಬಗಳು. ಒಂದು ಬೆಳಿಗ್ಗೆ ಎರಡೂ ಜಮೀನಿನ ನಡುವಿನ ವಿದ್ಯುತ್ ತಂತಿಯ ಕೆಳಗೆ ಒಂದು ಕಾಡುಪಾಪ ಸತ್ತು ಬಿದ್ದಿತ್ತು. ಕೊಂಬೆ ಎಂದುಕೊಂಡು ತಂತಿ ಹಿಡಿದಿರಬೇಕು. ಅದು ನಮ್ಮ ಹುಣಸೆಯದೋ, ಪಕ್ಕದಿಂದ ನಮ್ಮ ಕಡೆ ಬರುತ್ತಿದ್ದದ್ದೋ ತಿಳಿಯಲಿಲ್ಲ. ಗಾರ್ಡ್ ಬಂದು ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋದರು. ಅಣ್ಣ ಅವತ್ತು ತಿಂಡಿ ತಿನ್ನಲಿಲ್ಲ. ಅದೇ ಮಧ್ಯಾಹ್ನ ಬಂದ ಬ್ರೋಕರನ್ನು ಗೇಟಿನಿಂದಲೇ ವಾಪಸು ಕಳಿಸಿದ. "ಇಲ್ಲಿ ಬೇಸಾಯ ನಡೀತೈತೆ ಸಾರ್," ಎಂದಷ್ಟೇ ಹೇಳಿದ.

ಈ ವರ್ಷದ ಪಟ್ಟಿಯನ್ನು ಕಡಿಯುವಾಗ ಅಣ್ಣನಿಗೂ ಮೇಸ್ತ್ರಿಯ ಹೆಂಡತಿಗೂ ಒಂದು ದೊಡ್ಡ ಮರದ ವಿಷಯದಲ್ಲಿ ಜಗಳವಾಯಿತು.

"ಈ ಗಿಡ ಬಿಡ್ರಿ ಅಣ್ಣಾರ. ಎಷ್ಟು ಚಂದ ಬೆಳದೈತಿ."

"ಅದ್ಬಿಟ್ರೆ ಪಟ್ಟಿಗೆ ಬಿಸ್ಲು ಬೀಳಲ್ಲಮ್ಮ. ಬಿಸ್ಲಿಲ್ದೆ ಚಿಗುರು ಏಳಲ್ಲ. ಚಿಗುರಿಲ್ದಿದ್ರೆ ಈ ತೋಪು ಇರಲ್ಲ."

ಅಣ್ಣ ಈಗ ಒಂದು ಕೋಲಿನ ಆಸರೆಯಲ್ಲಿ ನಡೆಯುತ್ತಾನೆ. ಮರದ ಸುತ್ತ ಬಂದು, ಮೇಲೆ ಯಾವ ಬಳ್ಳಿಯೂ ಇಲ್ಲ, ಯಾವ ಕೊಂಬೆಯೂ ಇನ್ನೊಂದಕ್ಕೆ ತಾಗಿಲ್ಲ ಎಂದು ನೋಡಿಕೊಂಡು ಕಡಿಸಿದ. ಅವಳು ಸಂಜೆಯವರೆಗೂ ಅವನ ಜೊತೆ ಮಾತಾಡಲಿಲ್ಲ, ಚಹಾ ಮಾತ್ರ ತಂದಿಟ್ಟಳು. ಮೊದಲ ಮಳೆ ಬಿದ್ದ ಮೇಲೆ ಹೋಗಿ ನೋಡಿದರೆ ಆ ಮೋಟಿನ ಸುತ್ತ ಕೆಂಪನೆಯ ಎಳೆ ಚಿಗುರು ಎದ್ದಿತ್ತು. ಅಣ್ಣನಿಗೆ ಬಗ್ಗಲು ಆಗುವುದಿಲ್ಲ. ಕೋಲಿನ ತುದಿಯಿಂದ ಅದನ್ನು ಮೆಲ್ಲಗೆ ಮುಟ್ಟಿ, ಒದ್ದೆ ಎಲೆಗಳ ನಡುವೆ ಮುಂದಿನ ಮೋಟಿನ ಕಡೆ ನಡೆದ.