ಗವಸಿನ ತಾತನ ಕಿವಿ

ಅವರ ಎಡಗೈ ಹೆಬ್ಬೆರಳಿನ ಉಗುರು ಎತ್ತಿನ ಕೊಂಬಿನ ಚೂರಿನಂತೆ ದಪ್ಪಗೆ, ಹಳದಿಗಟ್ಟಿತ್ತು. ಸೂಜಿಯ ಹಿಂಭಾಗವನ್ನು ಒತ್ತಿ ಒತ್ತಿ ಅದರ ನಡುವೆ ಒಂದು ಗೀರು ಬಿದ್ದಿತ್ತು. ಬಟ್ಟೆಗೆ ಗುರುತು ಹಾಕಲು ಅವರು ಸೀಮೆಸುಣ್ಣ ಮುಟ್ಟಿದವರಲ್ಲ. ಆ ಉಗುರಿನಿಂದಲೇ ಗೆರೆ ಎಳೆಯುತ್ತಿದ್ದರು. ಅದು ನನ್ನ ಡ್ರಾಯಿಂಗ್ ಪೆನ್ನಿನ ಗೆರೆಗಿಂತ ನೆಟ್ಟಗಿರುತ್ತಿತ್ತು. ನನಗೆ ಹೊಟ್ಟೆಯುರಿಯುತ್ತಿತ್ತು.

ಮಂಡಿ ಮೊಹಲ್ಲಾದಲ್ಲಿ ಬೇಳೆಕಾಳಿನ ಮಂಡಿಗಳ ನಡುವೆ ಒಂದು ಜಗಲಿಯೇ ಅವರ ಅಂಗಡಿ. ವೀಣೆ, ತಂಬೂರಿ, ಹಾರ್ಮೋನಿಯಂಗಳಿಗೆ ಗವಸು ಹೊಲಿಯುತ್ತಿದ್ದರು. ಎಲ್ಲರಿಗೂ ಅವರು ಗವಸಿನ ತಾತ. ಯಾವ ವಾದ್ಯ ಬಂದರೂ ಮೊದಲು ಕೇಳುವುದು ಒಂದೇ ಮಾತು: "ಇದು ಮಲಗೋದು ಎಂಗೆ?" ಅದು ಒರಗುವ ಮಗ್ಗುಲಿಗೆ ಹೊಲಿಗೆ ಬರುವಂತಿರಲಿಲ್ಲ. "ಒತ್ತುತ್ತೆ ಕಣವ್ವ, ಪಾಪ" ಎನ್ನುವರು.

ನಾನು ಅಲ್ಲಿಗೆ ಹೋದದ್ದು ವೀಣೆ ಹೊತ್ತುಕೊಂಡಲ್ಲ. ಐವತ್ತರ ದಶಕದ ಮೊದಲ ವರ್ಷಗಳು. ನೀರು ಸರಬರಾಜಿನ ಕಚೇರಿಯಲ್ಲಿ ನಾನು ಟೆಂಪರರಿ ಟ್ರೇಸರ್, ನಕ್ಷೆಗಳನ್ನು ನಕಲು ತೆಗೆಯುವವಳು. ಮನೆಯಲ್ಲಿ ಲಕ್ವ ಹೊಡೆದ ಅಪ್ಪ, ಓದುವ ಇಬ್ಬರು ತಂಗಿಯರು. ನನ್ನ ಸಂಬಳ ನಿಂತರೆ ಒಲೆ ಆರಿದಂತೆ. ಆಗ ಕಚೇರಿಗೆ ಯುದ್ಧದಲ್ಲಿ ಮಿಕ್ಕ ಒಂದು ಮಿಷನ್ನು ಬಂತು. ಉದ್ದ ಕೋಲು, ತುದಿಗೆ ರೊಟ್ಟಿ ಹೆಂಚಿನಗಲದ ಬಿಲ್ಲೆ, ಬಿಲ್ಲೆಯೊಳಗೆ ಸುತ್ತಿದ ತಂತಿ. ನೆಲದಡಿ ಲೋಹವಿದ್ದರೆ ಅದು ಕೂಗುತ್ತಿತ್ತು. ಸೈನ್ಯದವರು ನೆಲಬಾಂಬು ಹುಡುಕಿದ್ದ ಆ ಮಿಷನ್ನಿನಿಂದ ನಾವು ರಸ್ತೆಯಡಿ ಹೂತುಹೋದ ನೀರಿನ ವಾಲ್ವುಗಳನ್ನು ಹುಡುಕಬೇಕಿತ್ತು. ಜಲ್ಲಿಗೆ ಉಜ್ಜಿ ಬಿಲ್ಲೆಯ ತಳ ಸವೆದಿತ್ತು. ತೇವ ಒಳಗಿಳಿದು ತಂತಿ ಕೆಡುತ್ತಿತ್ತು. ಅದಕ್ಕೊಂದು ಕವರು ಮಾಡಿಸುವ ಕೆಲಸವನ್ನು ಇಂಜಿನಿಯರು ನನ್ನ ತಲೆಗೆ ಕಟ್ಟಿದರು.

ತಾತ ಬಿಲ್ಲೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದು ಮಲಗಾಕಿಲ್ಲ, ತೆವಳ್ತದೆ" ಎಂದರು. ಒಳಗೆ ಕಂಬಳಿ, ಅದರ ಮೇಲೆ ಲಾರಿ ಟ್ಯೂಬಿನ ರಬ್ಬರು, ಹೊರಗೆ ಮೇಣ ತೀಡಿದ ಕ್ಯಾನ್ವಾಸು. ತಳದಲ್ಲಿ ಹೊಲಿಗೆಯೇ ಇಲ್ಲ, ಎಲ್ಲ ಮೇಲಂಚಿಗೆ. ಬಿಗಿಯಲು ಲಾಡಿ. ನಾನು ದೊಡ್ಡ ಮನುಷ್ಯಳಂತೆ ಬೆರಳೆತ್ತಿ ಹೇಳಿದೆ: "ತಾತ, ಒಂದು ಚೂರೂ ಕಬ್ಬಿಣ ಇರಕೂಡದು."

"ಸೂಜಿ?"

"ಸೂಜಿ ಆಚೆ ಬರುತ್ತಲ್ಲ, ತಾತ!" ನಾನು ನಕ್ಕೆ. ಅವರು ನಗಲಿಲ್ಲ, ತಲೆಯಾಡಿಸಿದರು.

ಪರೀಕ್ಷೆಯ ದಿನ ಬೆಳಿಗ್ಗೆ ಅಂಗಡಿಯಿಂದ ನೇರವಾಗಿ ಗವಸು ತಂದು ಬಿಲ್ಲೆಗೆ ಕಟ್ಟಿದೆವು. ಚಾಮರಾಜಪುರಂನ ಒಂದು ಬೀದಿ. ಮೂರು ದಿನದಿಂದ ನಲ್ಲಿಯಲ್ಲಿ ನೀರಿಲ್ಲ, ಹೆಂಗಸರು ಕೊಡ ಹಿಡಿದು ನಿಂತಿದ್ದರು. ಮೇಲಧಿಕಾರಿಗಳೂ ಬಂದಿದ್ದರು. ಮಿಷನ್ನು ಹೆಜ್ಜೆ ಹೆಜ್ಜೆಗೂ ಕೂಗಿತು. ಎರಡು ಕಡೆ ಅಗೆದರೆ ಬರೀ ಮಣ್ಣು. ಇಂಜಿನಿಯರು ಗವಸು ಬಿಚ್ಚಿದರು, ಕೂಗು ನಿಂತಿತು. ಆದರೆ ರಸ್ತೆಯೆಲ್ಲ ಮಳೆಯ ಕೆಸರು, ಗವಸಿಲ್ಲದೆ ಬಿಲ್ಲೆ ಇಳಿಸುವಂತಿರಲಿಲ್ಲ. ಅವರು ಬ್ಲೇಡಿನಿಂದ ಗವಸಿನ ಅಂಚು ಸೀಳಿದರು. ಒಳಗಿನಿಂದ ತಾಮ್ರದ ಒಂದು ತೂತು ಕಾಸು ಬಿತ್ತು.

"ಇದೂ ನಿಮ್ಮ ಡ್ರಾಯಿಂಗಿನಲ್ಲಿತ್ತೇನಮ್ಮ?" ಎಂದರು ಇಂಜಿನಿಯರು. ಕೊಡ ಹಿಡಿದವರೆಲ್ಲ ನಕ್ಕರು. ಮೇಲಧಿಕಾರಿಗಳು ನನ್ನ ಮುಖವನ್ನೂ ನೋಡದೆ, "ಈ ಹುಡುಗಿಯನ್ನು ತೆಗೆದುಬಿಡಿ" ಎಂದು ಕಾರು ಹತ್ತಿದರು.

ಕಾಸನ್ನು ಮುಷ್ಟಿಯಲ್ಲಿ ಹಿಡಿದು ಮಂಡಿ ಮೊಹಲ್ಲಾಕ್ಕೆ ಓಡಿದೆ. ಅವರ ಮುಂದೆ ಅದನ್ನು ಎಸೆದು ಬಾಯಿಗೆ ಬಂದಂತೆ ಕೂಗಾಡಿದೆ.

"ಖಾಲಿ ಗವಸು ಕೊಡಬಾರ್ದು ಕಣವ್ವ. ನಮ್ಮಪ್ಪನ ಕಾಲದಿಂದ ಒಂದು ಕಾಸು ಇಟ್ಟೇ ಒಲಿಯೋದು" ಎಂದರು.

"ಕೂಡದು ಅಂತ ಬಡ್ಕೊಂಡೆನಲ್ಲ!"

"ನೀ ಯೋಳಿದ್ದು ಕಬ್ಬಿಣ ಕೂಡದು ಅಂತ. ಇದು ತಾಮ್ರ ಅಲ್ವಾ?"

ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತೆ. ಕಚೇರಿಯಲ್ಲಿ ಎಲ್ಲರೂ ಅದನ್ನು ಕಬ್ಬಿಣ ಹುಡುಕುವ ಮಿಷನ್ನು ಎನ್ನುತ್ತಿದ್ದರು; ನನ್ನ ಬಾಯಿಗೂ ಅದೇ ಮಾತು ಬಂದಿತ್ತು. ಅವರು ನಾನು ಹೇಳಿದ್ದನ್ನು ಅಕ್ಷರ ಬಿಡದೆ ಪಾಲಿಸಿದ್ದರು. ತಪ್ಪು ಪೂರ್ತಿ ನನ್ನದೇ. ಅಪ್ಪನ ಸ್ಥಿತಿಯನ್ನೂ ಕೆಲಸ ಹೋದದ್ದನ್ನೂ ಅಳುತ್ತಾ ಹೇಳಿದೆನೇ ಹೊರತು, ಕ್ಷಮಿಸಿ ಎನ್ನಲಿಲ್ಲ.

ಮರುದಿನ ನನ್ನ ಪೆನ್ನು, ಸ್ಕೇಲು ಎತ್ತಿಕೊಳ್ಳಲು ಕಚೇರಿಗೆ ಹೋದರೆ, ತಾತ ಕರಿಕೋಟು ಹಾಕಿಕೊಂಡು ಇಂಜಿನಿಯರ ಮೇಜಿನ ಮುಂದೆ ನಿಂತಿದ್ದಾರೆ.

"ಆ ಮಗ ಸರಿಯಾಗೇ ಯೋಳಿತ್ತು ಸ್ವಾಮಿ, ಯಾವ ಲೋಹಾನೂ ಕೂಡದು ಅಂತ. ನನಗೆ ಕಿವಿ ಮಂದ. ಅರ್ಧಂಬರ್ಧ ಕೇಳಿಸ್ಕೊಂಡೆ."

ಪಿಸುಮಾತನ್ನೂ ಕೇಳಿಸಿಕೊಳ್ಳುವ ಮನುಷ್ಯ! ಇಂಜಿನಿಯರು ಎಲ್ಲರೆದುರಿಗೆ ಅವರನ್ನು ಬೈದರು: "ಕಿವುಡನಿಗೆ ಯಾಕಯ್ಯಾ ಸರ್ಕಾರಿ ಕೆಲಸ?" ಅವರು ಕಿವಿಗೆ ಕೈ ಹಿಡಿದು, "ಏನಂದ್ರಿ?" ಎಂದರು. ಗುಮಾಸ್ತರು ಬಿದ್ದು ಬಿದ್ದು ನಕ್ಕರು. ನಾನು ಡ್ರಾಯಿಂಗ್ ಬೋರ್ಡಿನ ಹಿಂದೆ ಬಾಯಿ ಮುಚ್ಚಿಕೊಂಡು ನಿಂತೆ.

ತಾತ ವರಾಂಡದಲ್ಲೇ ಕೂತು, ಸೀಳಿಹೋದ ಗವಸನ್ನು ಮತ್ತೆ ಹೊಲಿದುಕೊಟ್ಟರು. ಮಧ್ಯಾಹ್ನ ಮಿಷನ್ನು ಒಂದೇ ಕಡೆ ಕೂಗಿತು. ಅಗೆದರೆ ವಾಲ್ವಿನ ಮುಚ್ಚಳ. ಬೀದಿಗೆ ನೀರು ಬಂತು, ನನ್ನ ಕೆಲಸ ಉಳಿಯಿತು.

ತಾತ ಕಿವುಡರಾಗಿಯೇ ಉಳಿದರು. ನಮ್ಮ ಆಫೀಸಿನವರು ಮಂಡಿಯ ಕಡೆ ಬಂದರೆ ಕೈ ಕಿವಿಗೆ ಹೋಗುತ್ತಿತ್ತು. ವೀಣೆಯವರು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಹೇಳಿದ್ದು ಕೇಳಿಸದವನ ಹತ್ತಿರ ಏನು ಹೊಲಿಸುವುದು ಎಂದರಂತೆ. ನಾನೊಬ್ಬಳೇ ಹೋದಾಗ ಮಾತ್ರ, "ಮೆಲ್ಲಗೆ ಮಾತಾಡವ್ವ, ಯಾರೂ ಇಲ್ಲ" ಎನ್ನುವರು. ನಿಜ ಹೇಳಿಬಿಡುತ್ತೇನೆ ಎಂದು ನಾನು ಎಷ್ಟೋ ಸಲ ಅಂದೆ. "ಖಾಯಂ ಆಗ್ಲಿ, ಆಮೇಲೆ ಯೋಳೀವಂತೆ ಬುಡು" ಎನ್ನುವರು. ಖಾಯಂ ಆಯಿತು. ನಾನು ಹೇಳಲಿಲ್ಲ.

ನಾಲ್ಕು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಅಂಗಡಿಯ ಹಿಂದೆಯೇ ಮನೆ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. ಧ್ವನಿ ಒಡೆದುಹೋಗಿತ್ತು.

"ನಿಮ್ಮಾಫೀಸಿಗೆ ಬಂದೋದಾಗಿಂದ ಕಿವಿ ಪೂರ್ತಿ ಓಗ್ಬುಡ್ತು ಕಣವ್ವ. ನಾಲ್ಕು ವರ್ಷ ಕೂಗಿ ಕೂಗಿ ನನ್ನ ಗಂಟ್ಲು ಓಯ್ತು. ಕೊನೇ ಗಳಿಗೇಲೂ ಮೆಲ್ಲಗೆ ಒಂದು ಮಾತು ಆಡಕ್ಕಾಗ್ನಿಲ್ಲ."

ಈ ತಾಯಿಯ ತಮ್ಮ ನಮ್ಮ ಕಚೇರಿಯ ಜವಾನ, ಅಲ್ಲೇ ಬಾಗಿಲಲ್ಲಿ ನಿಂತಿದ್ದ. ನಿಜ ಅವನ ಬಾಯಿಂದ ಕಚೇರಿಗೆ ಮುಟ್ಟೀತೆಂದು, ತಾತ ಮನೆಯೊಳಗೂ ಕಿವುಡರಾಗಿದ್ದರು.

ಅವರಿಗೆ ಎಲ್ಲವೂ ಕೇಳಿಸುತ್ತಿತ್ತಮ್ಮ ಎಂದು ಹೇಳಲು ಬಾಯಿ ತೆರೆದೆ.

"ಹೌದಮ್ಮ, ನಾವೂ ಕೂಗಿಯೇ ಹೇಳಬೇಕಿತ್ತು" ಎಂದುಬಿಟ್ಟೆ.