ನಲವತ್ತು ಗಜಕ್ಕೆ ಬಗ್ಗದ ಆಂಟಿ

ಅಮೆರಿಕದ ಕ್ಯಾಂಟನ್ ಊರಿನಲ್ಲಿ ನಮ್ಮ ಪಕ್ಕದ ಮನೆಯ ಆಂಟಿ ಮೈಸೂರಿನವರು. ಅವರ ಮಗ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿದ್ದ. ಎದುರಾಳಿಗಳು ತಮ್ಮವರಿಗೆ ಕೈಯಿಂದ ಎಸೆದ ಬಾಲನ್ನು ನಡುವೆ ತಡೆಯುವುದು ಅವನ ಕೆಲಸ. ಅವನು ನಿಧಾನ ಎಂದು ಯಾರಾದರೂ ಅಂದರೆ ಆಂಟಿ ದುಪಟ್ಟಾದಿಂದ ಕನ್ನಡಕ ಒರೆಸುತ್ತಾ, "ಬಾಲ್ ಬೀಳೋ ಕಡೆ ಮೊದಲೇ ನಿಂತಿರ್ತಾನಲ್ಲ, ಇನ್ನು ಓಡೋದ್ಯಾಕೆ?" ಎನ್ನುತ್ತಿದ್ದರು.

ಕಾಲೇಜೊಂದರ ಆಯ್ಕೆ ಶಿಬಿರಕ್ಕೆ ಅವರ ಜೊತೆ ನಾನೂ ಹೋಗಿದ್ದೆ. ನಲವತ್ತು ಗಜದ ಓಟ ಮುಗಿದದ್ದೇ ಕೋಚ್ ಸ್ಟಾಪ್‌ವಾಚ್ ನೋಡಿ, ಈ ವೇಗ ಸಾಲದು, ಮನೆಗೆ ಹೋಗಬಹುದು ಎಂದ. ಮಗ ಬ್ಯಾಗ್ ಎತ್ತಿಕೊಂಡ. ಆಂಟಿ ನೇರವಾಗಿ ಮೈದಾನಕ್ಕೆ ಇಳಿದರು.

"ಬ್ಯಾಗ್ ಕೆಳಗಿಡೋ," ಎಂದು ಅವನಿಗೆ ಹೇಳಿ, ಅವನ ಆಟ ನೋಡುವವರೆಗೂ ನಾವು ಹೋಗುವುದಿಲ್ಲ ಎಂದು ಕೋಚಿಗೆ ಇಂಗ್ಲಿಷಿನಲ್ಲಿ ಹೇಳಿದರು.

ಕೋಚ್ ಬೇಸರದಿಂದಲೇ ಒಪ್ಪಿ, ಶಿಬಿರದ ಅತಿ ವೇಗದ ಆಟಗಾರನ ಕಡೆಗೆ ಬಾಲ್ ಎಸೆಯಿಸಿದ. ಆಂಟಿಯ ಮಗ ನಡುವೆ ಬಂದು ಅದನ್ನು ಹಿಡಿದ. ಮತ್ತೆ ಎಸೆಯಿಸಿದಾಗಲೂ ಹಿಡಿದ. ಆದರೂ ಕೋಚ್ ತಲೆ ಅಡ್ಡಡ್ಡ ಆಡಿಸಿ, ನಮಗೆ ವೇಗವೇ ಬೇಕು ಎಂದ.

ಆಂಟಿ ದನಿ ಏರಿಸಲಿಲ್ಲ. ಮಗನ ಹೆಗಲ ಮೇಲೆ ಕೈಯಿಟ್ಟರು.

"ಇವರಿಗೆ ವೇಗ ಬೇಕಂತೆ, ನಮಗೆ ಕಣ್ಣಿರೋ ಕೋಚ್ ಬೇಕು. ನಡಿ, ಶನಿವಾರ ಶಿಕಾಗೋ ಕಡೆ ಇನ್ನೊಂದು ಕ್ಯಾಂಪಿದೆ. ನಾನೇ ಡ್ರೈವ್ ಮಾಡ್ತೀನಿ."